ಪದ್ಮಿನಿ ಬಾಗಿಲ ಗ್ಲಾಸ್ ರಬ್ಬರ್: ಹಳೇ ಸ್ಟಾಕ್ ಸೆಟ್ಟೋ, ಮೀಟರ್ ಲೆಕ್ಕದ ಇಪಿಡಿಎಂ ಚಾನೆಲ್ಲೋ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಮೀಟರ್ ಲೆಕ್ಕದಲ್ಲಿ ಸಿಗೋ ಇಪಿಡಿಎಂ (ಒಂದು ಥರದ ಸಿಂಥೆಟಿಕ್ ರಬ್ಬರ್) ಚಾನೆಲ್ಲಿಗೆ, ಅಂದ್ರೆ ಬಾಗಿಲ ಗ್ಲಾಸ್ ಜಾರೋ ರಬ್ಬರ್ ಗಾಡಿಗೆ. "ಒರಿಜಿನಲ್" ಅಂತ ಹಳೇ ಸ್ಟಾಕ್ ಸೆಟ್ಟಿಗೆ 6,800 ರೂಪಾಯಿ ಕೊಟ್ಟು ಒಂದು ಮಳೆಗಾಲ ಪೂರ್ತಿ ಕಾರೊಳಗೆ ನೆಂದ ಮೇಲೆ ಹೇಳ್ತಿರೋ ಮಾತಿದು.

ಕಾರು ನಮ್ಮಪ್ಪ ಓಡಿಸ್ತಿದ್ದ 1987ರ ಪ್ರೀಮಿಯರ್ ಪದ್ಮಿನಿ. ನಮ್ದು ನಾಪೋಕ್ಲು ಕಡೆ, ವಾರಕ್ಕೊಂದ್ಸಲ ಮಡಿಕೇರಿ ಸಂತೆಗೆ ಹೋಗೋದು ಇದ್ರಲ್ಲೇ. ಇಲ್ಲಿ ವರ್ಷಕ್ಕೆ 100 ಇಂಚು ದಾಟೋದು ಮಾಮೂಲು, ಅದ್ರಲ್ಲೂ ಕಕ್ಕಡ ತಿಂಗಳಲ್ಲಿ (ಜುಲೈ ನಡುವಿಂದ ಆಗಸ್ಟ್ ನಡುವಿನ ತನಕ) ಮಳೆ ಮೇಲಿಂದ ಬೀಳೋದಲ್ಲ, ಗಾಳಿ ಜೊತೆ ಅಡ್ಡಡ್ಡ ಬಂದು ಬಾಗಿಲಿಗೆ ಹೊಡೆಯುತ್ತೆ. ಹಳೇ ರಬ್ಬರ್ ಒಣಗಿ ಬಿರುಕು ಬಿಟ್ಟು ಗ್ಲಾಸು ಗಡಗಡ ಅನ್ನೋಕೆ ಶುರುವಾಗಿ ಎಷ್ಟೋ ಕಾಲ ಆಗಿತ್ತು, ಆದ್ರೆ ಒಂದಿನ ಎಡಗಡೆ ಕೂತಿದ್ದ ಅಮ್ಮನ ಸೆರಗು ಮಡಿಕೇರಿ ಮುಟ್ಟೋ ಹೊತ್ತಿಗೆ ಹಿಂಡೋ ಹಾಗೆ ಒದ್ದೆಯಾಗಿತ್ತು, ಅವತ್ತೇ ಬದಲಾಯಿಸೋದು ಅಂತ ತೀರ್ಮಾನ ಮಾಡ್ದೆ.

ಹಳೇ ಸ್ಟಾಕ್ ಸೆಟ್ ಬೆಂಗಳೂರಿನ ಒಂದು ಅಂಗಡೀಲಿ ಸಿಕ್ತು. ಕವರ್ ಬಿಚ್ಚಿದ್ರೆ ಕಪ್ಪಗೆ, ಮೇಲೆ ಬಿಳಿ ಪೌಡರು, ನೋಡೋಕೆ ಹೊಸದೇ. ಆದ್ರೆ ಯೋಚ್ನೆ ಮಾಡಿ, ಈ ಕಾರು ತಯಾರಾಗೋದು ನಿಂತೇ 20 ವರ್ಷದ ಮೇಲಾಯ್ತು, ಅಂದ್ರೆ ಆ ಕಾಲದ್ದೇ ರಬ್ಬರ್ ಆದ್ರೆ ಗೋಡೌನಲ್ಲೇ ಅಷ್ಟು ವರ್ಷ ಕೂತಿದೆ ಅಂತ. ಮಾಮೂಲಿ ರಬ್ಬರ್ ಕಾರಿಗೆ ಹಾಕದೆ ಇಟ್ರೂ ಗಾಳಿಗೇ ಗಟ್ಟಿಯಾಗ್ತಾ ಹೋಗುತ್ತೆ. ಉಗುರಲ್ಲಿ ಒತ್ತಿ ನೋಡಿದ್ರೆ ಒಳಗೆ ಹೋಗ್ಬೇಕು, ಬಿಟ್ರೆ ವಾಪಸ್ ಬರ್ಬೇಕು. ನಂದು ಒಳಗೇ ಹೋಗ್ಲಿಲ್ಲ. ಸ್ವಲ್ಪ ಬಗ್ಗಿಸಿದ್ರೆ ಅಂಚಲ್ಲಿ ಕೂದಲೆಳೆಯಷ್ಟು ಸಣ್ಣ ಸಣ್ಣ ಗೀರು ಕಾಣಿಸ್ತು. ಇದನ್ನ ಅಂಗಡೀಲೇ ನೋಡ್ಬೇಕಿತ್ತು, ನೋಡ್ಲಿಲ್ಲ. ಕೂರೋದೇನೋ ಚೆನ್ನಾಗಿ ಕೂತ್ಕೊಂಡ್ತು, ಮೂಲೆಗಳೆಲ್ಲ ಅಚ್ಚುಕಟ್ಟು, ಅದನ್ನ ಒಪ್ಕೋಬೇಕು. ಆದ್ರೆ ಆಗಸ್ಟ್ ಹೊತ್ತಿಗೆ ಅಂಚು ಗ್ಲಾಸ್ ಬಿಟ್ಟು ಹೊರಗೆ ಸುರುಳಿ ತಿರುಗಿತ್ತು.

ಆ ಸೆಟ್ಟಲ್ಲಿ ಹಿಂದಿನ ಎಡ ಬಾಗಿಲಿನ ಪೀಸೇ ಇರ್ಲಿಲ್ಲ, ಅದಕ್ಕೆ ಅದೊಂದಕ್ಕೆ ಮೈಸೂರಿಂದ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ಚಾನೆಲ್ ತಂದು ಹಾಕ್ದೆ. ರೇಟು ತುಂಬ ಕಡಿಮೆ, ಗ್ಲಾಸು ಬೆಣ್ಣೆ ಹಾಗೆ ಇಳಿಯುತ್ತೆ, ಹತ್ತುತ್ತೆ. ಆದ್ರೆ ಫೆಲ್ಟು ನೀರು ಕುಡಿಯುತ್ತೆ, ನಮ್ಮೂರಲ್ಲಿ ಜೂನಲ್ಲಿ ಒದ್ದೆಯಾಗಿದ್ದು ಸೆಪ್ಟೆಂಬರ್ ತನಕ ಒಣಗೋದೇ ಇಲ್ಲ. ಒಳಗಿನ ತಗಡು ತುಕ್ಕು ಹಿಡಿದು ಗ್ಲಾಸ್ ಅಂಚಲ್ಲಿ ಕಂದು ಬಣ್ಣದ ನೀರಿನ ಗೆರೆ. ಬಯಲುಸೀಮೆಯವ್ರಿಗೆ ನಡೀಬಹುದು.

ಅಂಟಿಸೋ ಸ್ಪಾಂಜ್ ಟೇಪು: ಬಾಳಿದ್ದು ಮೂರೇ ವಾರ.

ಗ್ಯಾರೇಜಲ್ಲಿ ಒಬ್ರು ಸಿಲಿಕೋನ್ ಹಚ್ಚಿಬಿಡಿ ಅಂದ್ರು. ಹುಳಿ ವಾಸನೆ ಬರೋ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತೆ, ಪೇಂಟ್ ಹೋಗಿರೋ ತಗಡಿಗೆ ಅದು ತಗುಲಿದ್ರೆ ತುಕ್ಕಿಗೆ ನಾವೇ ದಾರಿ ಮಾಡ್ಕೊಟ್ಟ ಹಾಗೆ. ದಯವಿಟ್ಟು ಬೇಡ.

ಇನ್ನು ಇಪಿಡಿಎಂ. ಈ ರಬ್ಬರ್ ಬಿಸಿಲಿಗೂ ಗಾಳಿಗೂ ಬೇಗ ಬಿರುಕು ಬಿಡಲ್ಲ, ಒಳಗಡೆ ಗ್ಲಾಸ್ ಜಾರೋ ಜಾಗದಲ್ಲಿ ಸಣ್ಣ ನೈಲಾನ್ ನೂಲಿನ ಜೂಲು ಇರುತ್ತೆ, ಅದು ಫೆಲ್ಟಿನ ಹಾಗೆ ನೀರು ಹಿಡ್ಕೊಳ್ಳಲ್ಲ. ಈ ಏಪ್ರಿಲಲ್ಲಿ ಮೂರು ಬಾಗಿಲಿಗೆ ಹಾಕ್ದೆ. ತಲೆನೋವು ಒಂದೇ, ಮೇಲಿನ ಹಿಂದಿನ ಮೂಲೆ. ಆದ್ರೆ ಆ ಒಂದು ಮೂಲೆಗೆ ಎರಡು ಭಾನುವಾರ ಹೋಯ್ತು.

ಚಾನೆಲ್ ಒಳಗೆ ತೆಳು ತಗಡು ಇರುತ್ತೆ, ನೇರ ಜಾಗದಲ್ಲಿ ಅದೇ ಅದರ ಬಲ. ಮೂಲೇಲಿ ಹಾಗೇ ಬಗ್ಗಿಸಿದ್ರೆ ಎರಡು ಪಕ್ಕದ ಗೋಡೆಯೂ ಮುದುಡಿ ಗ್ಲಾಸನ್ನ ಚಿವುಟಿ ಹಿಡ್ಕೊಳ್ಳುತ್ತೆ. ಹ್ಯಾಂಡಲ್ ತಿರುಗಿಸ್ತಾ ಹೋದ್ರೆ ಕೊನೇ ಎರಡು ಸುತ್ತು ಕಲ್ಲಿನ ಹಾಗೆ ಬಿಗಿ, ಜೋರು ಮಾಡಿದ್ರೆ ಒಳಗೆ ಗ್ಲಾಸ್ ಎತ್ತಿ ಇಳಿಸೋ ರೆಗ್ಯುಲೇಟರ್ ಹಲ್ಲು ಹೋಗುತ್ತೆ, ಅದನ್ನ ಎಲ್ಲಿ ಅಂತ ಹುಡ್ಕೋದು? ಬಿಸಿ ನೀರಲ್ಲಿ ಅದ್ದಿ ಬಗ್ಗಿಸ್ದೆ, ರಬ್ಬರ್ ಮೆತ್ತಗಾಯ್ತು, ತಗಡು ಆಗ್ಲಿಲ್ಲ. ಆಮೇಲೆ ತಳ ಹಾಗೇ ಬಿಟ್ಟು ಎರಡೂ ಪಕ್ಕದ ಗೋಡೇಲಿ ಹ್ಯಾಕ್ಸಾದಲ್ಲಿ ವಿ ಆಕಾರಕ್ಕೆ ಕತ್ತರಿಸಿ ಮಡಚ್ದೆ, ಗ್ಲಾಸ್ ಸಲೀಸಾಗಿ ಹತ್ತಿತು, ಆದ್ರೆ ಆ ಮೂಲೆ ಪೂರ್ತಿ 90 ಡಿಗ್ರಿ ಅಲ್ಲ, ನಾನು 90ಕ್ಕೆ ಅಂತ ಕತ್ತರಿಸಿದ್ದೆ, ಸಣ್ಣ ಸಂದು ಉಳೀತು. ಮೊದಲ ಮಳೇಲಿ ಸರಿಯಾಗಿ ಅಲ್ಲಿಂದ್ಲೇ ತೊಟ್ಟು ತೊಟ್ಟಾಗಿ ನನ್ನ ಬಲ ಭುಜದ ಮೇಲೆ.

ಎರಡನೇ ಭಾನುವಾರ ಹಳೇ ಕ್ಯಾಲೆಂಡರ್ ರಟ್ಟನ್ನ ಮೂಲೆಗೆ ಹಿಡಿದು ಗೆರೆ ಎಳೆದು, ಅದೇ ಅಳತೆಗೆ ಕತ್ತರಿಸ್ದೆ. ತಗಡಿನ ಚೂಪು ಅಂಚನ್ನ ಅರದಲ್ಲಿ ಉಜ್ಜಿ, ಇಲ್ಲಾಂದ್ರೆ ಗ್ಲಾಸಿಗೆ ಗೀರು ಬೀಳುತ್ತೆ, ಕತ್ತರಿಸಿದ ಜಾಗಕ್ಕೆ ಪ್ರೈಮರ್ ಮುಟ್ಟಿಸಿ, ಒಣಗಿದ ಮೇಲೆ ಕೂಡಿಸಿ ಫೆವಿಕ್ವಿಕ್ ಒಂದು ಹನಿ. ಸೋಪಿನ ನೀರು ಹಚ್ಚಿ ಹೆಬ್ಬೆರಳಲ್ಲಿ ಒತ್ತುತ್ತಾ ಹೋದ್ರೆ ಕೂರುತ್ತೆ. ಗ್ರೀಸು, ಎಣ್ಣೆ ಮಾತ್ರ ಹಚ್ಬೇಡಿ, ಇಪಿಡಿಎಂ ಉಬ್ಬಿ ಹಾಳಾಗುತ್ತೆ. ಆಮೇಲೆ ನಮ್ಮ ಕೊಡಗಿನ ದಿನಪತ್ರಿಕೆ "ಶಕ್ತಿ"ಯಿಂದ ಒಂದು ಪಟ್ಟಿ ಹರಿದು ಗ್ಲಾಸ್ ಅಂಚಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡ್ದೆ, ಮೂಲೇಲೂ ಬೇರೆ ಕಡೆಯಷ್ಟೇ ಬಿಗಿ.

ಯಾವ ರಬ್ಬರ್ ಹಾಕಿದ್ರೂ ಗ್ಲಾಸ್ ಇಳಿಯೋ ಸಂದಿಂದ ಸ್ವಲ್ಪ ನೀರು ಬಾಗಿಲೊಳಗೆ ಹೋಗೇ ಹೋಗುತ್ತೆ, ಅದು ಬಾಗಿಲ ತಳದ ತೂತಿಂದ ಹೊರಗೆ ಹೋಗ್ಬೇಕು. ನಂದ್ರಲ್ಲಿ ಆ ತೂತುಗಳು ಮಣ್ಣು, ಎಲೆ ಪುಡಿ ಕೂತು ಮುಚ್ಚಿದ್ವು, ಒಳಗಿನ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಶೀಟೂ ಹರಿದಿತ್ತು. ಮ್ಯಾಟಿನ ಕೆಳಗೆ ನಿಲ್ತಿದ್ದ ನೀರಲ್ಲಿ ಅರ್ಧ ಅಲ್ಲಿಂದ್ಲೇ ಬರ್ತಿದ್ದಿದ್ದು. ಪ್ಯಾಡ್ ಹೇಗೂ ಬಿಚ್ಚಿರ್ತೀರಲ್ಲ, ಶೀಟ್ ಬದಲಾಯಿಸಿ.

ಖರ್ಚು: 8 ಮೀಟರ್ ಚಾನೆಲ್, ಗ್ಲಾಸಿನ ಬುಡದಲ್ಲಿ ಒಳಗೂ ಹೊರಗೂ ಒತ್ತೋ ಪಟ್ಟಿ 6 ಮೀಟರ್, ಎಲ್ಲ ಸೇರಿ 2,200 ಒಳಗೆ. ಕೆಲಸ ನಂದೇ, ಅರ ಹ್ಯಾಕ್ಸಾ ಮನೇಲೇ ಇತ್ತು. ಕಾರನ್ನ ಶೆಡ್ಡಲ್ಲಿಟ್ಟು ಬಿಸಿಲಿರೋ ದಿನ ಮಾತ್ರ ತೆಗೆಯೋರು, ಎಲ್ಲ ಹಳೇ ಕಾಲದ ಹಾಗೇ ಕಾಣ್ಬೇಕು ಅನ್ನೋರು ಹಳೇ ಸೆಟ್ಟನ್ನ ಉಗುರಲ್ಲಿ ಒತ್ತಿ ನೋಡಿ ತಗೊಳ್ಳಿ. ನನ್ ಹಾಗೆ ಮಳೇಲೇ ಓಡಿಸೋರಿಗೆ ಅದು ಆಗ್ಬರಲ್ಲ. ಈ ಸಲ ಅಮ್ಮ ಕಕ್ಕಡ ಪೂರ್ತಿ ಎಡಗಡೆ ಸೀಟಲ್ಲೇ ಕೂತು ಬಂದ್ರು, ಸೆರಗು ಒಣಗೇ ಇತ್ತು.

ಫೆಲ್ಟ್ ಹಾಕಿರೋ ಹಿಂದಿನ ಎಡ ಬಾಗಿಲು ಇನ್ನೂ ಬಾಕಿ. ಅದರ ಪೀಸು ಅಳತೆಗೆ ಕತ್ತರಿಸಿ ಇಟ್ಟಿದೀನಿ, ಕಾವೇರಿ ಸಂಕ್ರಮಣದ ಹೊತ್ತಿಗೆ ಮಳೆ ಬಿಟ್ರೆ ಅದನ್ನೂ ಹಾಕ್ತೀನಿ.