ಜ್ಯೂಯಿಶ್‌ಜೆನ್ ಜೊತೆ ಆರು ವರ್ಷ: ಹೆಸರಿಗಿಂತ ಮೊದಲು ಊರು ಹುಡುಕಿ

ನಮ್ಮ ಧಾರವಾಡದ ಕಡೆ ಎಷ್ಟೋ ಮನೆಗಳಲ್ಲಿ ಅಡ್ಡಹೆಸರೇ ಊರಿನ ಹೆಸರು. ಮೂಲ ಯಾವುದು ಅಂತ ಬೇರೆ ಕೇಳಬೇಕಾಗಿಲ್ಲ. ನಾನು ಮದುವೆಯಾಗಿ ಬಂದ ನ್ಯೂಜೆರ್ಸಿಯ ಯಹೂದಿ ಮನೆಯಲ್ಲಿ ಆ ಅನುಕೂಲ ಇರಲಿಲ್ಲ. ಮಗಳು ಶಾಲೆಗೆ ವಂಶವೃಕ್ಷ ಬರೆಯಲು ಕೂತಳು. ನನ್ನ ಕಡೆಯದು ಐದು ತಲೆಮಾರು ಆಯಿತು. ಅವಳಪ್ಪನ ಕಡೆಯದು ನಮ್ಮ ಅತ್ತೆಯ ಅಜ್ಜನ ಹತ್ತಿರ ನಿಂತುಬಿಟ್ಟಿತು. ಅವರು ಆಸ್ಟ್ರಿಯಾದವರು ಅಂತ ಅತ್ತೆ. ಅಲ್ಲ, ಪೋಲೆಂಡಿನವರು ಅಂತ ಅತ್ತೆಯ ಅಣ್ಣ. ಊರಿನ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ.

ಜ್ಯೂಯಿಶ್‌ಜೆನ್ ಬಳಸಲು ಶುರು ಮಾಡಿದ್ದು ಆಗಲೇ. ಯಹೂದಿಗಳ ವಂಶಾವಳಿ ಹುಡುಕಲು ಇರುವ, 1987ರಲ್ಲಿ ಕೆಲವೇ ಜನರ ಕಂಪ್ಯೂಟರ್ ಬುಲೆಟಿನ್ ಬೋರ್ಡ್ ಆಗಿ ಹುಟ್ಟಿದ ಜಾಲತಾಣ ಇದು. ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಜ್ಯೂಯಿಶ್ ಹೆರಿಟೇಜ್ ಜೊತೆ ಸೇರಿದೆ. ಹೆಸರು ನೋಂದಾಯಿಸಿದರೆ ಉಚಿತ. ದಾಖಲೆಗಳನ್ನು ಓದಿ ಪಟ್ಟಿ ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಸ್ವಯಂಸೇವಕರದು.

ಮೊದಲ ವರ್ಷ ನಾನು ಅಡ್ಡಹೆಸರು ಹಾಕಿ ಹುಡುಕಿದೆ. ರಾಶಿ ರಾಶಿ ಹೆಸರು ಬಂತು, ನಮ್ಮವರು ಯಾರು ಅಂತ ತಿಳಿಯಲಿಲ್ಲ. ಆ ಕಡೆಯ ಯಹೂದಿಗಳಿಗೆ ಕಾಯಂ ಅಡ್ಡಹೆಸರು ಕಡ್ಡಾಯವಾದದ್ದೇ 1787ರ ಆಸ್ಟ್ರಿಯಾದ ಆದೇಶದಿಂದ. ಸಂಬಂಧವೇ ಇಲ್ಲದ ಎಷ್ಟೋ ಮನೆತನಗಳಿಗೆ ಒಂದೇ ಹೆಸರು. ಅದಕ್ಕೇ ಹೊಸಬರಿಗೆಲ್ಲ ನಾನು ಮೊದಲು ಊರು ಹುಡುಕಿ ಅನ್ನುತ್ತೇನೆ.

ನಮಗೆ ಊರು ಸಿಕ್ಕಿದ್ದು ಅತ್ತೆಯ ಅಜ್ಜನ ಅಮೆರಿಕದ ಪೌರತ್ವದ ಕಾಗದದಲ್ಲಿ. 1906ರ ನಂತರದ ಅರ್ಜಿಗಳಲ್ಲಿ ಹುಟ್ಟಿದ ಊರನ್ನೂ ಬರೆಸಿಕೊಳ್ಳುತ್ತಿದ್ದರು. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದ, ಅಂಥ ಊರು ಯಾವ ನಕಾಶೆಯಲ್ಲೂ ಇರಲಿಲ್ಲ. ಇಲ್ಲಿ ಜ್ಯೂಯಿಶ್‌ಜೆನ್ ನಿಜವಾಗಿ ಕೈ ಹಿಡಿಯಿತು. ಕಾಗುಣಿತ ಬಿಟ್ಟು ಉಚ್ಚಾರದ ಮೇಲೆ ಹುಡುಕುವ ಡೈಚ್–ಮೊಕೊಟಾಫ್ ಪದ್ಧತಿ ಇದರಲ್ಲಿದೆ. ಪೂರ್ವ ಯುರೋಪಿನ ಹೆಸರುಗಳಿಗೆಂದೇ 1985ರಲ್ಲಿ ಮಾಡಿದ್ದು. ಗುಮಾಸ್ತ ಬರೆದದ್ದನ್ನೇ ಹಾಕಿದೆ. ಬುಚಾಚ್ ಬಂತು.

ಊರಿನ ಪುಟ ತೆರೆದು ಅತ್ತೆಯನ್ನು ಕರೆದೆ. ಒಂದೇ ಊರು ಯಾವ ಕಾಲಕ್ಕೆ ಯಾವ ದೇಶದಲ್ಲಿತ್ತು ಅಂತ ಅದರಲ್ಲಿ ಸಾಲಾಗಿ ಕೊಟ್ಟಿದ್ದಾರೆ. 1900ರ ಸುಮಾರಿಗೆ ಆಸ್ಟ್ರಿಯಾದ ಗಲೀಷಿಯಾ ಪ್ರಾಂತ್ಯ. 1930ರ ಹೊತ್ತಿಗೆ ಪೋಲೆಂಡಿನ ಟಾರ್ನೊಪೋಲ್ ಪ್ರಾಂತ್ಯ. ಆಮೇಲೆ ಸೋವಿಯತ್ ಒಕ್ಕೂಟ. ಈಗ ಉಕ್ರೇನ್. ನಮ್ಮ ಅಜ್ಜ ಧಾರವಾಡ ಬಿಟ್ಟು ಕದಲದೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ, ಅಲ್ಲಿಂದ ಕರ್ನಾಟಕಕ್ಕೆ ಬಂದಿದ್ದರಲ್ವಾ, ಹಾಗೆಯೇ ಇದು. ಅಣ್ಣ ತಂಗಿ ಇಬ್ಬರ ಮಾತೂ ಸರಿಯಾಗಿತ್ತು. 1966ರಲ್ಲಿ ನೊಬೆಲ್ ಪಡೆದ ಹೀಬ್ರೂ ಸಾಹಿತಿ ಆಗ್ನೊನ್ ಹುಟ್ಟಿದ್ದೂ ಇದೇ ಬುಚಾಚ್‌ನಲ್ಲಿ. ಅದನ್ನು ಓದಿ ಅತ್ತೆಗೆ ಬಹಳ ಹೆಮ್ಮೆಯಾಯಿತು.

ಊರು ಸಿಕ್ಕರೂ ಅಜ್ಜನ ಜನನ ದಾಖಲೆ ಸಿಗಲಿಲ್ಲ. ಇನ್ನೂ ಎರಡು ವರ್ಷ ಹೋಯಿತು. ಕೊನೆಗೆ ಮುತ್ತಜ್ಜಿಯ, ಅಂದರೆ ಆ ಅಜ್ಜನ ತಾಯಿಯ, ತವರಿನ ಹೆಸರು ಹಾಕಿ ನೋಡಿದೆ. ಅಲ್ಲಿದ್ದರು! ಆದರೆ ದಾಖಲೆಯಲ್ಲಿ ವಿವಾಹಬಾಹಿರ ಮಗು ಅಂತ ಬರೆದಿತ್ತು. ಅತ್ತೆಗೆ ಹೇಗೆ ಹೇಳಲಿ ಅಂತ ಒಂದು ವಾರ ಸುಮ್ಮನಿದ್ದೆ. ಗಲೀಷಿಯಾದ ಬಗ್ಗೆ ಓದಿದ ಮೇಲೆ ವಿಷಯ ತಿಳಿಯಿತು. ಬರೀ ಧಾರ್ಮಿಕ ವಿಧಿಯಲ್ಲಿ ಆದ ಯಹೂದಿ ಮದುವೆಯನ್ನು ಆಸ್ಟ್ರಿಯಾ ಸರ್ಕಾರ ಒಪ್ಪುತ್ತಿರಲಿಲ್ಲ. ಸರ್ಕಾರದಲ್ಲಿ ನೋಂದಾಯಿಸಲು ಖರ್ಚು ಜಾಸ್ತಿ, ಕಟ್ಟುಪಾಡೂ ಜಾಸ್ತಿ. ಹಾಗಾಗಿ ಎಷ್ಟೋ ಜನ ಹುಪ್ಪಾ ಅನ್ನುವ ಮದುವೆ ಚಪ್ಪರದ ಕೆಳಗೆ ಮದುವೆಯಾಗಿ ಸಂಸಾರ ಮಾಡಿಕೊಂಡಿದ್ದರು. ಮಕ್ಕಳಿಗೆ ದಾಖಲೆಯಲ್ಲಿ ತಾಯಿಯ ಅಡ್ಡಹೆಸರು ಬೀಳುತ್ತಿತ್ತು. ಯಾರದೂ ತಪ್ಪಲ್ಲ, ಮುಚ್ಚಿಡುವಂಥದ್ದೂ ಅಲ್ಲ.

ಇವರೇ ನಮ್ಮವರು ಅಂತ ನಂಬಿದ್ದು ಮನೆ ಸಂಖ್ಯೆಯಿಂದ. ಅಜ್ಜನ ತಮ್ಮನ ಜನನ ತಂದೆಯ ಹೆಸರಿನಲ್ಲಿ ದಾಖಲಾಗಿತ್ತು. ಇಬ್ಬರಿಗೂ ಅದೇ ತಾಯಿ, ಅದೇ ಮನೆ ಸಂಖ್ಯೆ. ಇಲ್ಲಿನ ಸ್ಮಶಾನದಲ್ಲಿ ಅಜ್ಜನ ಕಲ್ಲಿನ ಮೇಲೆ ಹೀಬ್ರೂನಲ್ಲಿ ‘ಇಂಥವರ ಮಗ’ ಅಂತ ಕೆತ್ತಿದೆ. ಆ ತಂದೆಯ ಹೆಸರೂ ಕೂಡಿ ಬಂತು.

ಯಿಜ್ಕೋರ್ ಪುಸ್ತಕಗಳ ಅನುವಾದವೂ ಈ ತಾಣದಲ್ಲಿದೆ. ಉಳಿದು ಬಂದವರು ಕಳೆದುಹೋದ ತಮ್ಮ ಊರಿನ ನೆನಪಿಗೆ ಬರೆದ ಪುಸ್ತಕಗಳು ಇವು. ಬುಚಾಚ್‌ನದು 1956ರಲ್ಲಿ ಟೆಲ್ ಅವೀವ್‌ನಲ್ಲಿ ಬಂದಿತ್ತು. ಊರಿನ ಯಹೂದಿಗಳಲ್ಲಿ ಅನೇಕರನ್ನು ನಾಜಿಗಳು 1942ರಲ್ಲಿ ಬೆಲ್ಜೆಕ್ ಸಾವಿನ ಶಿಬಿರಕ್ಕೆ ರೈಲಿನಲ್ಲಿ ಒಯ್ದರು. ಇನ್ನೆಷ್ಟೋ ಜನರನ್ನು ಊರ ಪಕ್ಕದ ಫೆಡೋರ್ ಗುಡ್ಡದಲ್ಲಿ ಗುಂಡಿಕ್ಕಿ ಕೊಂದರು. ಅಜ್ಜನ ತಮ್ಮ ಊರಲ್ಲೇ ಉಳಿದಿದ್ದರು. ಅವರ ಬಗ್ಗೆ ನಮಗೆ ಇನ್ನೂ ಏನೂ ಸಿಕ್ಕಿಲ್ಲ. ಈ ಪುಟಗಳನ್ನು ಒಬ್ಬರೇ ರಾತ್ರಿ ಕೂತು ಓದಬೇಡಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಇಲ್ಲಿ ಸಿಗುವುದು ಬಹುಪಾಲು ಸೂಚಿ. ಮೂಲ ಪುಟ ಕಣ್ಣಾರೆ ನೋಡಲು ಅದನ್ನು ಇಟ್ಟುಕೊಂಡಿರುವ ಪತ್ರಾಗಾರವನ್ನೇ ಆಶ್ರಯಿಸಬೇಕು. ಬುಚಾಚ್‌ನ ಹಳೆಯ ದಾಖಲೆಗಳು ವಾರ್ಸಾದ ಆಗಾಡ್ ಪತ್ರಾಗಾರದಲ್ಲಿವೆ. ಇನ್ನು ಡಿಎನ್‌ಎ ಪರೀಕ್ಷೆ. ಬೇರೆ ಒಂದು ಕಂಪನಿಗೆ ದುಡ್ಡು ಕೊಟ್ಟು ಮಾಡಿಸಿದೆವು. ಹತ್ತಿರದ ಸಂಬಂಧಿ ಅಂತ ತೋರಿಸಿದ ಮೂವರಿಗೂ ನಮಗೂ ಸೇರಿದ ಹಿರಿಯರು ಒಬ್ಬರೂ ಸಿಗಲಿಲ್ಲ. ಅಶ್ಕೆನಾಜಿ ಯಹೂದಿಗಳು, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದವರು, ಶತಮಾನಗಳ ಕಾಲ ತಮ್ಮೊಳಗೇ ಸಂಬಂಧ ಬೆಳೆಸಿದವರು. ನಮ್ಮಲ್ಲಿ ಸೋದರಮಾವನಿಗೆ ಕೊಟ್ಟ ಮನೆಗಳಲ್ಲಿ ಒಬ್ಬರಿಗೊಬ್ಬರು ಎರಡು ಮೂರು ದಾರಿಯಿಂದ ನೆಂಟರಾಗುತ್ತಾರಲ್ಲ, ಹಾಗೆ. ದೂರದವರೂ ಪರೀಕ್ಷೆಯಲ್ಲಿ ಹತ್ತಿರದವರಂತೆ ಕಾಣುತ್ತಾರೆ.

ಅದರ ಬದಲು ಜ್ಯೂಯಿಶ್‌ಜೆನ್‌ನ ಫ್ಯಾಮಿಲಿ ಫೈಂಡರ್‌ನಲ್ಲಿ ಅಡ್ಡಹೆಸರು, ಊರು ಎರಡನ್ನೂ ಮೊದಲ ದಿನವೇ ಹಾಕಿಡಿ. ಅದೇ ಊರು, ಅದೇ ಹೆಸರು ಹುಡುಕುವ ಇನ್ನೊಬ್ಬರು ನಿಮಗೆ ಬರೆಯಬಹುದು. ನಾನು ಬುಚಾಚ್ ಹಾಕಿ ನಾಲ್ಕು ವರ್ಷವಾಗಿತ್ತು. ಹೋದ ತಿಂಗಳು ಹೈಫಾದಿಂದ ಒಬ್ಬರು ಬರೆದರು. ಮುತ್ತಜ್ಜಿಯ ತವರಿನ ಹೆಸರೇ ಅವರದೂ. ಅವರ ಅಜ್ಜಿ ಯಾವ ಸಂಖ್ಯೆಯ ಮನೆಯಲ್ಲಿ ಹುಟ್ಟಿದ್ದು ಅಂತ ಕೇಳಿ ಕಳಿಸಿದ್ದೇನೆ. ಅತ್ತೆ ದಿನಾ ಬೆಳಿಗ್ಗೆ ಫೋನ್ ಮಾಡಿ ಉತ್ತರ ಬಂತಾ ಅಂತ ಕೇಳುತ್ತಿದ್ದಾರೆ.