ನಡುವಿನ ಪಿಕಪ್ ಬದಲಿಸುವ ಮುಂಚೆ ಮ್ಯಾಗ್ನೆಟ್ ಯಾವ ಕಡೆಗಿದೆ ನೋಡಿ

ಸ್ಟ್ರಾಟೊಕಾಸ್ಟರ್ ಮಾದರಿಯ, ಅಂದರೆ ಮೂರು ಪಿಕಪ್‌ನ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡವರಿಗೆ ಈ ಬರಹ. (ಪಿಕಪ್ ಅಂದರೆ ಸ್ಟ್ರಿಂಗ್‌ಗಳ ಕೆಳಗೆ ಕೂತು ಅವುಗಳ ಅಲುಗಾಟವನ್ನು ಸಿಗ್ನಲ್ ಮಾಡುವ ಭಾಗ; ಅದರಲ್ಲಿರುವುದು ಮ್ಯಾಗ್ನೆಟ್ ಮತ್ತು ವೈರ್ ಸುತ್ತಿದ ಕಾಯಿಲ್.) ಅದರಲ್ಲೂ ನಡುವಿನ ಪಿಕಪ್ ಹೋಗಿದೆ ಅಂತ ರಿಪೇರಿಗೆ ಹೊರಟಿದ್ದರೆ ಒಂದು ದಿನ ತಡೆಯಿರಿ.

ನಾನು ಬೆಂಗಳೂರಿನಲ್ಲಿ ಆರ್ಕೆಸ್ಟ್ರಾಗಳಿಗೆ ನುಡಿಸುತ್ತೇನೆ. ಗಣೇಶನ ಹಬ್ಬದ ಸೀಸನ್ ಹೊಸ್ತಿಲಲ್ಲೇ ನಡುವಿನ ಪಿಕಪ್ ಸತ್ತುಹೋಯಿತು. ರಿದಂಗೆ ನಾನು ಜಾಸ್ತಿ ಬಳಸುವುದು ಸ್ವಿಚ್‌ನ 2 ಮತ್ತು 4ನೇ ಜಾಗ, ಅಂದರೆ ನಡುವಿನದೂ ಪಕ್ಕದ್ದೂ ಒಟ್ಟಿಗೆ ಕೇಳಿಸುವ ಜಾಗ. ಗಿಟಾರ್ ಜೊತೆ ಬಂದಿದ್ದ ಪಿಕಪ್‌ಗಳಲ್ಲಿ ಈ ಎರಡು ಕಡೆ ಹಮ್ (ಕರೆಂಟ್‌ನಿಂದ ಬರುವ ಗುಂಯ್ ಸದ್ದು) ಇರುತ್ತಿರಲಿಲ್ಲ. ಸೀರಿಯಲ್ ಸೆಟ್, ಡಿಮ್ಮರ್, ಜನರೇಟರ್ ಮಧ್ಯೆ ನಿಂತು ನುಡಿಸುವವರಿಗೆ ಅದರ ಬೆಲೆ ಗೊತ್ತು.

"ನಡುವಿನದಕ್ಕೆ ಅಂತಲೇ ಮಾಡಿದ್ದು ಹಾಕಿ, ಕಾಯಿಲ್‌ನ ಸುತ್ತೂ ಮ್ಯಾಗ್ನೆಟ್ಟೂ ಉಲ್ಟಾ ಇರಬೇಕು" ಎಂದು ಅಂಗಡಿಯವರಿಗೆ ಹೇಳಿಯೇ ಕೊಟ್ಟೆ. "ಎಲ್ಲಾ ಒಂದೇ ಸರ್, ಆರು ಕಿಲೋ ಓಮ್ ಇದೆ, ಮ್ಯಾಚ್ ಆಗುತ್ತೆ" ಎಂದರು.

ಒಂದೇ ಅಲ್ಲ. ಓಮ್ ಲೆಕ್ಕ ಕಾಯಿಲ್‌ನ ವೈರ್‌ದು, ಮ್ಯಾಗ್ನೆಟ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಸ್ಟ್ರಿಂಗ್ ಅಲುಗಿದಾಗ ಹುಟ್ಟುವ ಸಿಗ್ನಲ್ ಯಾವ ದಿಕ್ಕಿಗೆ ಹರಿಯುತ್ತದೆ ಎನ್ನುವುದನ್ನು ಎರಡು ಸಂಗತಿ ತೀರ್ಮಾನಿಸುತ್ತವೆ: ಕಾಯಿಲ್ ಯಾವ ಕಡೆಗೆ ಸುತ್ತಿದೆ, ಮ್ಯಾಗ್ನೆಟ್‌ನ ಯಾವ ಧ್ರುವ ಮೇಲಿದೆ. ಆದರೆ ಕರೆಂಟ್ ಲೈನಿನ 50 ಹರ್ಟ್ಸ್ ಹಮ್‌ಗೆ ಮ್ಯಾಗ್ನೆಟ್ ಲೆಕ್ಕಕ್ಕೇ ಇಲ್ಲ. ಅದಕ್ಕೆ ಸುತ್ತು ಮಾತ್ರ ಮುಖ್ಯ. ಅದಕ್ಕೇ ನಡುವಿನ ಪಿಕಪ್‌ನಲ್ಲಿ ಎರಡನ್ನೂ ಉಲ್ಟಾ ಮಾಡುತ್ತಾರೆ. ಎರಡು ಸಲ ತಿರುಗಿದ ಸ್ಟ್ರಿಂಗ್ ಸದ್ದು ನೆಟ್ಟಗಾಗುತ್ತದೆ. ಒಂದೇ ಸಲ ತಿರುಗಿದ ಹಮ್ ಪಕ್ಕದ ಪಿಕಪ್‌ನ ಹಮ್ ಜೊತೆ ಹೊಡೆದುಹೋಗುತ್ತದೆ. ಗಿಬ್ಸನ್ ಗಿಟಾರ್ ಕಂಪನಿಯಲ್ಲಿದ್ದ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ (ಹಮ್ ಅಳಿಸುವ ಪಿಕಪ್) ಒಳಗಿರುವುದೂ ಇದೇ ಯುಕ್ತಿ. ಅಲ್ಲಿ ಎರಡು ಕಾಯಿಲ್ ಒಂದೇ ಪಿಕಪ್ ಒಳಗಿರುತ್ತವೆ, ಅಷ್ಟೇ.

ನನಗೆ ಹಾಕಿಕೊಟ್ಟದ್ದರಲ್ಲಿ ಸುತ್ತು ಉಲ್ಟಾ ಇತ್ತು, ಮ್ಯಾಗ್ನೆಟ್ ಮಾತ್ರ ಉಳಿದೆರಡರ ಹಾಗೇ ಇತ್ತು. 2 ಮತ್ತು 4ರಲ್ಲಿ ಹಮ್ ಇಲ್ಲ, ಸರಿ. ಆದರೆ ಬಾಸ್ ಪೂರ್ತಿ ಮಾಯ. ಮೂಗು ಹಿಡಿದುಕೊಂಡು ಹಾಡಿದ ಹಾಗೆ ತೆಳ್ಳನೆ ಸದ್ದು. ಒಂದೊಂದೇ ಪಿಕಪ್ ಕೇಳಿದರೆ ಯಾವ ದೋಷವೂ ಇಲ್ಲ. ಅಂಗಡಿಯಲ್ಲಿ ನುಡಿಸಿ ತೋರಿಸಿದ್ದೂ ಹಾಗೇ!

ವಾಪಸ್ ಹೋದರೆ "ಇದು ಪೀಟರ್ ಗ್ರೀನ್ ಟೋನ್ ಸರ್, ಜನ ದುಡ್ಡು ಕೊಟ್ಟು ಮಾಡಿಸ್ಕೊಳ್ತಾರೆ" ಅಂದರು. ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ ಲೆಸ್ ಪಾಲ್ ಗಿಟಾರ್‌ನ ನೆಕ್ ಕಡೆಯ ಪಿಕಪ್‌ನಲ್ಲಿ ಮ್ಯಾಗ್ನೆಟ್ ತಿರುಗಿದ್ದು ನಿಜ. ಗ್ಯಾರಿ ಮೂರ್ ಕೈ ದಾಟಿ ಕರ್ಕ್ ಹ್ಯಾಮೆಟ್ ಬಳಿ ಬಂದ ಗಿಟಾರ್ ಅದು. ಬ್ಲೂಸ್ ಸೋಲೋಗೆ ಆ ಸದ್ದು ಚೆನ್ನ. ಕೀಬೋರ್ಡ್, ರಿದಂ ಪ್ಯಾಡ್ ನಡುವೆ ರಿದಂ ಗಿಟಾರ್ ನುಡಿಸುವವನಿಗೆ ಅದರಿಂದ ಏನು ಉಪಯೋಗ?

ಆಮೇಲೆ ಪಿಕಪ್ ಮೇಲೆತ್ತಿದರು. ಮ್ಯಾಗ್ನೆಟ್ ತೀರಾ ಹತ್ತಿರ ಬಂದು ಸ್ಟ್ರಿಂಗ್‌ಗಳನ್ನೇ ಎಳೆಯತೊಡಗಿತು. ದಪ್ಪ ಇ ಸ್ಟ್ರಿಂಗ್ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿಗೇ ನಿಲ್ಲಲಿಲ್ಲ. (ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ಸ್ಟ್ರಿಂಗ್ ಕಡೆ ಸುಮಾರು 2.4 ಮಿ.ಮೀ., ಸಣ್ಣದರ ಕಡೆ 2 ಮಿ.ಮೀ. ಅಂತರ ಇರಲಿ.) ಅದೂ ಆಗದೆ ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿದರು. ಬಾಸ್ ಬಂತು, ಜೊತೆಗೆ ಹಮ್ಮೂ ಬಂತು. ಬರಲೇಬೇಕಲ್ವಾ? "ಸಿಂಗಲ್ ಕಾಯಿಲ್ ಅಂದ್ಮೇಲೆ ಇದ್ದದ್ದೇ" ಎಂಬ ಉತ್ತರ.

ಕೊನೆಗೆ "ಮ್ಯಾಗ್ನೆಟ್ಟೇ ತಿರುಗಿಸಿ ಕೊಡ್ತೀನಿ" ಎಂದು ಸಣ್ಣ ಸುತ್ತಿಗೆ, ಪಂಚ್ ತೆಗೆದರು. ಬೇಡ ಎಂದೆ. "ಎಷ್ಟೋ ಮಾಡಿದ್ದೀನಿ" ಎಂದು ಪಿಕಪ್ ಮೇಲೆ ಕಾಣುವ ಆರು ಕಡ್ಡಿಗಳಲ್ಲಿ ಮೊದಲನೆಯದಕ್ಕೆ ಒಂದು ತಟ್ಟು ತಟ್ಟಿಯೇಬಿಟ್ಟರು. ಕಡ್ಡಿ ಜಾರಿದ್ದು ಕಣ್ಣಿಗೆ ಕಾಣದಷ್ಟು. ಮೀಟರ್ ಹಿಡಿದರೆ ಓಪನ್, ಅಂದರೆ ಒಳಗೆ ವೈರ್ ಹರಿದಿದೆ! ಆರು ಕಿಲೋ ಓಮ್ ಅಲ್ಲಿಗೇ ಮುಗಿಯಿತು.

ಅವರು ಎಷ್ಟೋ ಮಾಡಿರಬಹುದು, ಆದರೆ ಅವು ಬೇರೆ ಜಾತಿಯ ಪಿಕಪ್. ಅಗ್ಗದ ಪಿಕಪ್‌ಗಳಲ್ಲಿ ಮೇಲೆ ಕಾಣುವ ಆರು ಕಡ್ಡಿ ಬರೀ ಉಕ್ಕು. ಅಡಿಯಲ್ಲಿ ಅಂಟಿಸಿದ ಸೆರಾಮಿಕ್ ಪಟ್ಟಿಯೇ ಮ್ಯಾಗ್ನೆಟ್, ಅದನ್ನು ಬಿಡಿಸಿ ತಿರುಗಿಸಿ ಅಂಟಿಸಬಹುದು. ನನ್ನದರಲ್ಲಿ ಆರು ಕಡ್ಡಿಗಳೇ ಅಲ್ನಿಕೊ ಮ್ಯಾಗ್ನೆಟ್. ಅವುಗಳ ಮೈಗೇ ವೈರ್ ಸುತ್ತಿರುತ್ತದೆ, ದಪ್ಪ ಸುಮಾರು 0.06 ಮಿ.ಮೀ. ಕಡ್ಡಿ ಸರಿದರೆ ವೈರ್ ಹರಿಯುತ್ತದೆ. ಇಂಥದ್ದರ ಧ್ರುವ ಬದಲಿಸಲು ಕಡ್ಡಿ ಮುಟ್ಟಲೇಬೇಕಿಲ್ಲ. ಎರಡು ಬಲವಾದ ನಿಯೋಡಿಮಿಯಮ್ ಮ್ಯಾಗ್ನೆಟ್ ನಡುವೆ ಹಿಡಿದರೆ ಸಾಕು. ಅದೇ ಕಾರಣಕ್ಕೆ ಅಂಥ ಮ್ಯಾಗ್ನೆಟ್‌ಗಳನ್ನು ಸುಮ್ನೆ ಪಿಕಪ್ ಹತ್ತಿರ ಇಡಲೂಬೇಡಿ.

ಹೊಸ ಪಿಕಪ್ ತರುವಾಗ ಮಕ್ಕಳ ಸಣ್ಣ ದಿಕ್ಸೂಚಿ ಒಂದು ಜೇಬಿನಲ್ಲಿರಲಿ. ಪಿಕಪ್‌ನ ಮೇಲ್ಮುಖದ ಕಡೆ ತಂದಾಗ ಮುಳ್ಳಿನ ಯಾವ ತುದಿ ತಿರುಗುತ್ತದೆ ನೋಡಿ. ಅಕ್ಕಪಕ್ಕದ ಎರಡಕ್ಕೂ ಒಂದು ತುದಿ, ನಡುವಿನದಕ್ಕೆ ಇನ್ನೊಂದು ತುದಿ ತಿರುಗಬೇಕು. ತೀರಾ ಹತ್ತಿರ ಬೇಡ, ದಿಕ್ಸೂಚಿಯೇ ಕೆಡುತ್ತದೆ. ಆಮೇಲೆ ಮೀಟರ್ ಅನ್ನು ಓಮ್‌ಗೆ ಇಟ್ಟು, ಪಿಕಪ್‌ನ ಎರಡು ವೈರ್‌ಗೆ ಮೂರರಲ್ಲೂ ಒಂದೇ ರೀತಿ ಹಿಡಿದು, ಕಡ್ಡಿಗಳ ಮೇಲೆ ಸ್ಕ್ರೂಡ್ರೈವರ್ ಇಟ್ಟು ಥಟ್ಟನೆ ಎತ್ತಿ. ರೀಡಿಂಗ್ ಒಂದು ಕ್ಷಣ ಮೇಲೋ ಕೆಳಗೋ ಜಿಗಿಯುತ್ತದೆ. ಮೂರೂ ಪಿಕಪ್‌ನಲ್ಲಿ ಅದು ಒಂದೇ ಕಡೆಗೆ ಜಿಗಿಯಬೇಕು. ಈ ಎರಡೂ ಸರಿ ಬಂದರೆ ಮಾತ್ರ ದುಡ್ಡು ಕೊಡಿ.

ಕೆಟ್ಟ ಹಳೆಯ ಪಿಕಪ್ ಅನ್ನು ಮರೆಯದೆ ವಾಪಸ್ ಇಸ್ಕೊಳ್ಳಿ. ಅದನ್ನು ರೀವೈಂಡ್ ಮಾಡಿಸಬಹುದು, ಅಂದರೆ ಹೊಸ ವೈರ್ ಸುತ್ತಿಸಬಹುದು, ಧ್ರುವವೂ ಮೊದಲಿದ್ದಂತೇ ಉಳಿಯುತ್ತದೆ. ನನ್ನದು ಕಸಕ್ಕೆ ಹೋಯಿತಂತೆ. ಲೇಬರ್ ಚಾರ್ಜ್ ಮಾತ್ರ ಬಿಟ್ಟರು, ಪಿಕಪ್ ದುಡ್ಡು ಇನ್ನೂ ಬಂದಿಲ್ಲ.