ಟ್ಯಾಬ್‌ನ ಫೋಟೋ ‘ಕ್ಲೀನ್’ ಮಾಡಿಸುವ ಮೊದಲು ಇದನ್ನು ಓದಿ

ಟ್ಯಾಬ್‌ನಲ್ಲಿ ಸಾವಿರಾರು ಫೋಟೋ ಇಟ್ಟುಕೊಂಡವರಿಗೆ ಈ ಮಾತು. ‘ಒಂದೇ ಥರದ ಫೋಟೋಗಳು ಸಿಕ್ಕಿವೆ, ಅಳಿಸಲೇ?’ ಎಂದು ಕೇಳುವ ಆ್ಯಪ್ ನಿಮ್ಮಲ್ಲಿದ್ದರೆ ಇವತ್ತು ‘ಹೌದು’ ಒತ್ತಬೇಡಿ. ಅಂಗಡಿಯವರು ‘ಫೋಟೋ ಎಲ್ಲ ಸೆಟ್ ಮಾಡಿ ಜಾಗ ಮಾಡಿಕೊಡುತ್ತೇವೆ’ ಎಂದರೆ ಟ್ಯಾಬ್ ಅವರ ಕೈಗೆ ಕೊಡಬೇಡಿ. ಮೊದಲು ಅಷ್ಟನ್ನೂ ಬೇರೆ ಕಡೆ ಕಾಪಿ ಮಾಡಿ. ನಮ್ಮ ದೊಡ್ಡಪ್ಪನ ಸಂಗ್ರಹ ಹೇಗೆ ಹೋಯಿತು ಎಂದು ಹೇಳುತ್ತೇನೆ, ಕೇಳಿ.

ದೊಡ್ಡಪ್ಪ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಶಾಲೆಯೊಂದರಲ್ಲಿ ಮಾಸ್ಟ್ರಾಗಿದ್ದವರು. ರೀಲ್ ಕ್ಯಾಮರಾದ ಕಾಲದಿಂದಲೂ ಫೋಟೋ ತೆಗೆಯುತ್ತಿದ್ದರು. ಶಾಲಾ ವಾರ್ಷಿಕೋತ್ಸವ, ತಾಳಮದ್ದಳೆ, ಮದುವೆ, ಉಪನಯನ, ಗದ್ದೆ ಕೊಯ್ಲು, ಮಧೂರಿನ ಜಾತ್ರೆ. ಹೆದ್ದಾರಿ ಅಗಲವಾಗುವ ಮೊದಲಿನ ಕುಂಬಳೆ ಪೇಟೆ. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆ ಕೂಡ ಅವರ ಕ್ಯಾಮರಾದಲ್ಲಿ ಸೆರೆಯಾಗಿತ್ತು. 2022ರ ಅಕ್ಟೋಬರಿನಲ್ಲಿ ಅದು ಸತ್ತಿತು, ಅದರ ಫೋಟೋ ಇನ್ನು ತೆಗೆಯಲಿಕ್ಕೆ ಆಗುವುದಿಲ್ಲ.

ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ಕಾಗದದ ಫೋಟೋಗಳಿಗೆ ಬೂಸ್ಟು ಹಿಡಿಯುತ್ತದೆ. ಅಂಟು ಹಾಳೆಯ ಆಲ್ಬಮ್‌ನಲ್ಲಿದ್ದವು ಎಬ್ಬಿಸಲು ಹೋದರೆ ಹರಿದೇ ಬರುತ್ತವೆ. ಹಾಗಾಗಿ ದೊಡ್ಡಪ್ಪ ಹಳೆಯ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದರು. ಆಮೇಲೆ ಬೆಂಗಳೂರಿನಲ್ಲಿರುವ ಅಣ್ಣ, ಅಂದರೆ ಅವರ ಮಗ, ಟ್ಯಾಬ್ ತಂದುಕೊಟ್ಟ. ಎಲ್ಲವೂ ಅದಕ್ಕೆ ಬಂತು.

ಟ್ಯಾಬ್ ಬಗ್ಗೆ ನನಗೆ ದೂರಿಲ್ಲ. ವಯಸ್ಸಾದವರಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಚಾವಡಿಯಲ್ಲಿ ಕುಳಿತು ಎರಡು ಬೆರಳಿನಿಂದ ದೊಡ್ಡದು ಮಾಡಿ, ಹಿಂದಿನ ಸಾಲಿನಲ್ಲಿ ನಿಂತವರ ಮುಖವನ್ನೂ ಗುರುತು ಹಿಡಿಯುತ್ತಿದ್ದರು. ಗುರುತು ಸಿಕ್ಕಿದ ಕೂಡಲೇ ಫೈಲಿನ ಹೆಸರು ಬದಲಿಸಿ ಬರೆಯುತ್ತಿದ್ದರು. ‘1984 ತಾಳಮದ್ದಳೆ, ಎಡದಿಂದ ಮೂರನೆಯವರು ಮೂಡುಮನೆ ಅಜ್ಜ’, ಹೀಗೆ. ಯಾರಿಗೂ ಗುರುತು ಸಿಗದಿದ್ದರೆ ನೆಂಟರು ಬರುವವರೆಗೆ ಕಾದು, ಅವರಿಗೆ ತೋರಿಸಿ, ಕೇಳಿ ಬರೆದದ್ದೂ ಉಂಟು.

ಟ್ಯಾಬ್ ತುಂಬಿತು. ‘ಜಾಗ ಇಲ್ಲ’ ಎಂದು ಪದೇ ಪದೇ ಹೇಳತೊಡಗಿತು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಾಸರಗೋಡಿಗೆ ಹೋದಾಗ ಅಲ್ಲಿನ ಮೊಬೈಲ್ ಅಂಗಡಿಯೊಂದಕ್ಕೆ ಕೊಟ್ಟರು. ಅಂಗಡಿಯ ಹುಡುಗ ಒಂದು ಆ್ಯಪ್ ಹಾಕಿ, ಡೂಪ್ಲಿಕೇಟ್ ಎಲ್ಲ ತೆಗೆದು, ಉಳಿದದ್ದನ್ನು ಚಂದ ಆಲ್ಬಮ್ ಮಾಡಿಕೊಟ್ಟ. ಒಂದು ಫೋಟೋವನ್ನೂ ತೆರೆದು ತೋರಿಸಿ ಇದು ಹೋಗಬಹುದೇ ಎಂದು ಕೇಳಲಿಲ್ಲ. ಮನೆಗೆ ಬಂದು ನೋಡಿದರೆ ಎಲ್ಲ ಫೋಟೋಗಳೂ ಇದ್ದವು. ಟ್ಯಾಬ್ ಮೊದಲಿಗಿಂತ ಚುರುಕಾಗಿಯೂ ಇತ್ತು.

ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ. ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ಫೋಟೋ ಬೇಕಿತ್ತು. ದೊಡ್ಡಪ್ಪ ಆರಿಸಿಟ್ಟದ್ದನ್ನು ನಾನು ಪೆನ್‌ಡ್ರೈವ್‌ಗೆ ಹಾಕಿ ಪ್ರೆಸ್ಸಿಗೆ ಒಯ್ದೆ. ಅಲ್ಲಿಯವರು ಒಂದೆರಡು ತೆರೆದು ನೋಡಿ, “ಇದು ಪ್ರಿಂಟಿಗೆ ಆಗುವುದಿಲ್ಲ ಮಾರಾಯ್ರೆ. ವಾಟ್ಸ್ಆ್ಯಪ್‌ನದ್ದು ಕೊಟ್ಟಿದ್ದೀರಿ. ಒರಿಜಿನಲ್ ತನ್ನಿ” ಎಂದರು.

ಒರಿಜಿನಲ್ ಇರಲಿಲ್ಲ.

ಆಗಿದ್ದು ಹೀಗೆ. ದೊಡ್ಡಪ್ಪ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ತಮ್ಮ ಫೋಟೋಗಳನ್ನು ಹಾಕುತ್ತಿದ್ದರು. ಅದನ್ನೇ ಯಾರೋ ಬೇರೆ ಗುಂಪಿಗೆ ಕಳಿಸಿ, ಅಲ್ಲಿಂದ ಮತ್ತೆ ಇವರಿಗೇ ಬರುತ್ತಿತ್ತು. ಎಲ್ಲರ ಮನೆಯಲ್ಲೂ ನಡೆಯುವುದೇ ಅಲ್ವಾ? ವಾಟ್ಸ್ಆ್ಯಪ್ ಸಾಮಾನ್ಯವಾಗಿ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಹೀಗೆ ಒಂದೇ ಫೋಟೋ ಟ್ಯಾಬ್‌ನಲ್ಲಿ ಎರಡು ಕಡೆ ಕೂತಿತ್ತು, ದೊಡ್ಡ ಅಸಲು ಒಂದು, ಕುಗ್ಗಿದ ನಕಲು ಒಂದು. ‘ಒಂದೇ ಥರದ್ದು’ ಹುಡುಕುವ ಆ್ಯಪ್‌ಗಳು ಹೋಲಿಸುವ ಮೊದಲು ಫೋಟೋಗಳನ್ನು ತೀರಾ ಚಿಕ್ಕದು ಮಾಡಿಕೊಳ್ಳುತ್ತವೆ. ಆ ಅಳತೆಯಲ್ಲಿ ಎರಡೂ ಒಂದೇ. ಯಾವುದನ್ನು ಉಳಿಸಬೇಕು ಎನ್ನುವುದು ಸೆಟ್ಟಿಂಗ್‌ಗೆ ಬಿಟ್ಟದ್ದು. ಅಂಗಡಿಯವನು ಹಾಕಿದ ಆ್ಯಪ್‌ನಲ್ಲಿ ‘ಹೊಸತನ್ನು ಉಳಿಸು’ ಎಂದಿತ್ತು. ವಾಟ್ಸ್ಆ್ಯಪ್‌ನಲ್ಲಿ ಬಂದ ನಕಲಿಗೆ ಬಂದ ದಿನದ್ದೇ ತಾರೀಕು. ಅದು ಹೊಸತಾಯಿತು, ಅಸಲು ಹಳತಾಯಿತು, ಹೋಯಿತು.

ಟ್ಯಾಬ್‌ನ ಪರದೆಯಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ವಾಟ್ಸ್ಆ್ಯಪ್ ಕುಗ್ಗಿಸಿದ, ಸುಮಾರು 1,600 ಪಿಕ್ಸೆಲ್ (ಚಿತ್ರದ ಚುಕ್ಕೆ) ಉದ್ದದ ಫೋಟೋ ಟ್ಯಾಬ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಲೆಕ್ಕ ಹಾಕಿದರೆ ಸುಮಾರು 5.3 ಇಂಚಿಗಿಂತ ಜಾಸ್ತಿ ಬರುವುದಿಲ್ಲ. ಎ4 ಪುಟದ ತುಂಬ ಹಾಕಬೇಕೆಂದರೆ ಸುಮಾರು 2,480ಕ್ಕೆ 3,508 ಪಿಕ್ಸೆಲ್ ಇರಬೇಕು. ಆರಕ್ಕೆ ನಾಲ್ಕು ಇಂಚಿನ ಹಳೆಯ ಫೋಟೋವನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 3,600ಕ್ಕೆ 2,400 ಬರುತ್ತದೆ. ದೊಡ್ಡಪ್ಪ ಹಾಗೆಯೇ ಮಾಡಿಸಿದ್ದರು. ಒಂದು ಪುಟಕ್ಕೆ ಹೆಚ್ಚುಕಡಿಮೆ ಸಾಕಾಗುತ್ತಿತ್ತು.

ತಾರೀಕೂ ಹೋಯಿತು. ಡಿಜಿಟಲ್ ಕ್ಯಾಮರಾದಲ್ಲಿ ತೆಗೆದ ಫೋಟೋದ ಒಳಗೆ ತೆಗೆದ ದಿನ, ಗಂಟೆ ಎಲ್ಲ ಬರೆದಿರುತ್ತದೆ. ಅದಕ್ಕೆ ಎಕ್ಸಿಫ್ ಎನ್ನುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಅಳಿಸಿಹೋಗುತ್ತದೆ. ಆದ್ದರಿಂದ 2009ರ ಜಾತ್ರೆ 2021ರ ಮೇ ತಿಂಗಳಿನಲ್ಲಿ ಕಾಣುತ್ತಿತ್ತು, ಅದರ ಪಕ್ಕದಲ್ಲೇ ಯಾರದೋ ‘ಶುಭೋದಯ’ದ ಗುಲಾಬಿ ಹೂವು.

ಇವೆರಡನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಹೆಸರು ಹೋದದ್ದು. ಮೂಡುಮನೆ ಅಜ್ಜನ ಫೋಟೋದ ಹೆಸರು ಈಗ ‘ಐಎಂಜಿ-20210512-ಡಬ್ಲ್ಯುಎ0007’. ದೊಡ್ಡಪ್ಪ ಟ್ಯಾಬ್ ಕೈಯಲ್ಲಿ ಹಿಡಿದು, “ಮಾಣೀ, ನಾನು ಬರೆದದ್ದೆಲ್ಲ ಎಲ್ಲಿ ಹೋಯಿತು?” ಎಂದು ಕೇಳಿದರು. ಅವರಿಗೆ ಎಂಬತ್ತು ದಾಟಿದೆ. ಕೇಳಿ ಬರೆದುಕೊಂಡ ಎಷ್ಟೋ ಹೆಸರುಗಳನ್ನು ಹೇಳಿದ ಅಜ್ಜಿಯರು ಈಗಿಲ್ಲ. ಮತ್ತೆ ಯಾರನ್ನು ಕೇಳುವುದು?

ಮನೆಯ ಕಂಪ್ಯೂಟರ್‌ನಲ್ಲಿ ಇರಬೇಕಲ್ಲ ಎಂದು ನೋಡಿದೆವು. ಅಣ್ಣ ಟ್ಯಾಬನ್ನೂ ಕಂಪ್ಯೂಟರನ್ನೂ ಸಿಂಕ್ ಮಾಡಿಟ್ಟಿದ್ದ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿತ್ತು. ಸಿಂಕ್ ಎಂದರೆ ಎರಡೂ ಕಡೆ ಒಂದೇ ಥರ ಇರುವಂತೆ ನೋಡಿಕೊಳ್ಳುವುದು, ಅಷ್ಟೇ. ಅದನ್ನು ಬ್ಯಾಕಪ್ ಎಂದು ನಂಬಬೇಡಿ. ಅಳಿಸಿದ್ದು ಕಸದಬುಟ್ಟಿಯಲ್ಲಿ ಇರುವುದಕ್ಕೂ ಗಡುವು ಇದೆ. ಗೂಗಲ್ ಡ್ರೈವ್‌ನಲ್ಲಿ 30 ದಿನ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋಗೆ 60 ದಿನ. ಆಟಿಯಿಂದ ದೀಪಾವಳಿಗೆ ಅದೆಲ್ಲ ಮುಗಿದುಹೋಗಿತ್ತು. ಪುತ್ತೂರಿನ ಮಾವನ ಮನೆಯಲ್ಲಿ ಸ್ಟುಡಿಯೋದವರು ಕೊಟ್ಟ ಒಂದು ಡಿವಿಡಿ ಸಿಕ್ಕಿತು. ಸ್ವಲ್ಪ ಸ್ಕ್ಯಾನ್ ಅದರಲ್ಲಿದ್ದವು. ಸಂಚಿಕೆಗೆ ಅವನ್ನೇ ಹಾಕಿದೆವು. ಹೆಸರು ಅದರಲ್ಲಿಯೂ ಇಲ್ಲ, ಅವೆಲ್ಲ ಟ್ಯಾಬ್‌ಗೆ ಬಂದ ಮೇಲೆ ಬರೆದವು.

ನಿಮ್ಮ ಟ್ಯಾಬ್ ಇನ್ನೂ ಸರಿಯಾಗಿದ್ದರೆ ಈ ವಾರವೇ ಒಂದು ಹಾರ್ಡ್‌ಡಿಸ್ಕ್ ತೆಗೆದುಕೊಂಡು ಎಲ್ಲ ಫೋಟೋಗಳನ್ನು ಕಾಪಿ ಮಾಡಿ, ಟ್ಯಾಬ್‌ನಿಂದ ಬಿಡಿಸಿ ಕಪಾಟಿನಲ್ಲಿಡಿ. ಸಾಧ್ಯವಾದರೆ ಇನ್ನೊಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಆಮೇಲೆ ಹಳೆಯ ಫೋಟೋಗಳಲ್ಲಿ ಕೆಲವನ್ನು ತೆರೆದು ‘ವಿವರ’ ನೋಡಿ. ಉದ್ದ 1,600ರ ಆಸುಪಾಸು ಇದ್ದು, ಹೆಸರಿನಲ್ಲಿ ‘ಡಬ್ಲ್ಯುಎ’ (WA) ಇದ್ದರೆ ಅದು ವಾಟ್ಸ್ಆ್ಯಪ್ ನಕಲು. ಅಸಲು ಎಲ್ಲಿದೆ ಎಂದು ಹುಡುಕಿ. ಕಳಿಸಿದವರ ಫೋನಿನಲ್ಲಿ ಇದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಹಾಗೆ ಬಂದರೆ ಕುಗ್ಗುವುದಿಲ್ಲ, ತಾರೀಕೂ ಉಳಿಯುತ್ತದೆ. ಆ್ಯಪ್‌ನೊಳಗೆ ಮಾಡುವ ಆಲ್ಬಮ್‌ಗಳನ್ನು ನೆಚ್ಚಿಕೊಳ್ಳಬೇಡಿ. ಹೆಚ್ಚಿನ ಆ್ಯಪ್‌ಗಳಲ್ಲಿ ಆಲ್ಬಮ್ ಎಂದರೆ ಒಂದು ಪಟ್ಟಿ ಮಾತ್ರ, ಆ್ಯಪ್ ತೆಗೆದರೆ ಪಟ್ಟಿಯೂ ಹೋಗಬಹುದು. ಫೋಲ್ಡರ್ ಮಾಡಿ, ವರ್ಷ ಮತ್ತು ಸಂದರ್ಭ ಬರೆದಿಡಿ. ಜನರ ಹೆಸರುಗಳನ್ನು ಫೈಲಿನ ಹೆಸರಿನಲ್ಲಿ ಬರೆಯಿರಿ, ಜೊತೆಗೆ ಒಂದು ನೋಟ್‌ಬುಕ್ಕಿನಲ್ಲೂ ಬರೆಯಿರಿ. ಸುಮ್ನೆ ಹೇಳುತ್ತಿಲ್ಲ. ದೊಡ್ಡಪ್ಪನ ನೋಟ್‌ಬುಕ್ ಒಂದಿದ್ದಿದ್ದರೆ ನಾನು ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಆಗಲೇ ಅಳಿಸಿಹೋಗಿದ್ದರೆ ಮೊದಲು ಕಸದಬುಟ್ಟಿ ನೋಡಿ, ಟ್ಯಾಬ್‌ನದ್ದೂ ಕ್ಲೌಡ್‌ನದ್ದೂ (ಗೂಗಲ್ ಫೋಟೋಸ್, ಡ್ರೈವ್‌ನಂಥವು). ಫೋಟೋ ಮೆಮೊರಿ ಕಾರ್ಡಿನಲ್ಲಿದ್ದರೆ ಕಾರ್ಡನ್ನು ಕೂಡಲೇ ಹೊರಗೆ ತೆಗೆಯಿರಿ, ಅದಕ್ಕೆ ಹೊಸದೇನನ್ನೂ ಹಾಕಬೇಡಿ. ಕಂಪ್ಯೂಟರ್‌ಗೆ ಸಿಕ್ಕಿಸಿ ರಿಕವರಿ ಸಾಫ್ಟ್‌ವೇರ್‌ನಿಂದ ಹುಡುಕಿದರೆ ಎಷ್ಟೋ ಸಲ ಸಿಗುತ್ತದೆ. ಟ್ಯಾಬ್‌ನ ಒಳಗಿನ ಮೆಮೊರಿಯಲ್ಲಿದ್ದದ್ದು ಹಾಗೆ ಸಿಗುವುದು ತೀರಾ ಕಷ್ಟ, ಈಗಿನ ಟ್ಯಾಬ್‌ಗಳು ಅದನ್ನು ಗೂಢಲಿಪಿ ಮಾಡಿ ಇಟ್ಟಿರುತ್ತವೆ. ‘ಎಲ್ಲ ವಾಪಸ್ ತರುತ್ತೇವೆ, ಮೊದಲು ದುಡ್ಡು ಕೊಡಿ’ ಎನ್ನುವವರು ನಮಗೂ ಸಿಕ್ಕಿದರು. ಅವರಿಗೆ ಮುಂಗಡ ಕೊಡಬೇಡಿ.